ನಲವತ್ತೊಂದನೆಯ ಗುರುತು

“ಏ ಹುಡುಗಿ, ದುರಗಿ ಮಗಳಲ್ಲೇನ ನೀ? ಹಂಗಾರ ಅಲ್ಲೇ ನಿಂದ್ರು. ಬೇಕಾದ್ರ ಆ ಮಷೀನ್ ಒಳಗ ಬರಲಿ, ನೀ ಬರಬ್ಯಾಡ.”

ದೇವೇಂದ್ರಪ್ಪ ಪಡಸಾಲೆಯ ತೂಗುಮಂಚದಿಂದ ಏಳದೆಯೇ ಹೇಳಿದ. ಮಾಯಾ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ತೆಗೆದಳು. ಕೈಯಲ್ಲಿದ್ದ ಜಿಪಿಎಸ್ ಯಂತ್ರವನ್ನು ಸಹಪಾಠಿ ಸುಶ್ಮಿತಾಳಿಗೆ ಕೊಟ್ಟಳು. ಉಪಗ್ರಹದ ಚಿತ್ರಗಳಿಂದ ನೆಲವನ್ನು ಅಳೆಯುವ ವಿದ್ಯೆಯಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ಹನ್ನೆರಡು ಮಂದಿ, ಅವರನ್ನು ಡಂಬಳದ ಆಚೆಯ ಈ ಊರಿಗೆ ಕರೆತಂದ ಪ್ರಾಧ್ಯಾಪಕ ಕೊಟ್ರೇಶ, ಎಲ್ಲರೂ ಆ ಮಾತು ಕೇಳಿದರು. ಕೇಳಿದವರಿಗೆಲ್ಲ ಒಮ್ಮೆಲೇ ಗಿರಮಿಟ್ಟಿನ ತಟ್ಟೆಯ ಮೇಲೆ ಬಹಳ ಪ್ರೀತಿ ಹುಟ್ಟಿತು.

ಹೊರಗೋಡೆಯ ಬುಡದಲ್ಲಿ ಮಾಯಾಳ ತಾಯಿ ದುರಗವ್ವ ಸುಣ್ಣ ಕಲಸುತ್ತಿದ್ದಳು. ದೇವೇಂದ್ರಪ್ಪನ ಮಗಳ ಮದುವೆ ಹತ್ತಿರ ಬಂದಿತ್ತು. ಮನೆಗೆ ಸುಣ್ಣ ಬಳಿಯುವ ಕೆಲಸ ದುರಗವ್ವನದು. ಹೊರಗೋಡೆ ಮಾತ್ರ ಅನ್ನಿ. ಒಳಗಿನದಕ್ಕೆ ಬೇರೆ ಕೈಗಳಿದ್ದವು. ಮಾಯಾಳಿಗೆ ಕಾಗದದ ಕಪ್ಪಿನಲ್ಲಿ ಚಹಾ ಬಂತು, ಒಳಗಿನವರಿಗೆ ಸ್ಟೀಲಿನ ಲೋಟದಲ್ಲಿ. ಕಾಲ ಬದಲಾಗಿಲ್ಲ ಎಂದು ಯಾರಾದರೂ ಹೇಗೆ ಅಂದಾರು, ಅವಳ ಅಜ್ಜನಿಗೆ ಇದೇ ಕಟ್ಟೆಯಲ್ಲಿ ತೆಂಗಿನ ಕರಟದಲ್ಲಿ ಕೊಡುತ್ತಿದ್ದರು.

“ಕರೆಂಟ್ ಮಾಡೂ ಗಾಳಿ ಕಂಬಾ ಬರ್ತಾವಂತಲ್ಲ,” ಎಂದಳು ದುರಗವ್ವ. “ಜಾಗಾ ತೋರಸಾಕ ನೀವ ಬಂದೀರೇನು?”

“ಹೂಂ ಅವ್ವ. ಮ್ಯಾಲಿಂದ ನೋಡಿ ಆರಿಸೇವಿ. ಈಗ ಕಾಲಿಟ್ಟು ಖಾತ್ರಿ ಮಾಡಬೇಕು.”

ಹಾಗೆ ಹೇಳುವಾಗ ಅವಳ ದನಿಯಲ್ಲಿ ಜಂಬವಿತ್ತು. ಇರಬೇಕಾದದ್ದೇ. ಎರಡು ತಿಂಗಳು ಕಂಪ್ಯೂಟರಿನ ಮುಂದೆ ಕೂತು ಈ ಸೀಮೆಯನ್ನು ಬಣ್ಣ ಬಣ್ಣವಾಗಿ ವಿಂಗಡಿಸಿದವಳು ಅವಳು. ಹೊಲ ಹಸಿರು, ಕೆರೆ ನೀಲಿ, ಜನವಸತಿ ಕೆಂಪು, ಪಾಳು ನೆಲ ಹಳದಿ. ಕಂಪ್ಯೂಟರಿಗೆ ಮೊದಲು ಕಲಿಸಬೇಕು. ಇಂಥದು ಪಾಳು, ಇಂಥದು ಹೊಲ ಎಂದು ಕೆಲವು ತುಂಡುಗಳನ್ನು ತೋರಿಸಿಕೊಟ್ಟರೆ ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ. ಆಮೇಲೆ ಎತ್ತರ, ಇಳಿಜಾರು, ಗಾಳಿ ಎಲ್ಲ ಹಾಕಿ ನೋಡಿ ಒಂದು ದಿಬ್ಬವನ್ನು ಎಲ್ಲಕ್ಕಿಂತ ಒಳ್ಳೆಯ ಜಾಗವೆಂದು ಆರಿಸಿದವಳೂ ಅವಳೇ. ನಲವತ್ತೊಂದನೆಯ ಗುರುತು. ಕೊಟ್ರೇಶ ಸರ್ ಇಡೀ ತರಗತಿಯ ಎದುರು ಭೇಷ್ ಅಂದಿದ್ದರು.

ಚಹಾ ಮುಗಿದ ಮೇಲೆ ದೇವೇಂದ್ರಪ್ಪನನ್ನೂ ಕರೆದುಕೊಂಡು ಎಲ್ಲರೂ ಅವನ ಹೊಲದ ಬದುವಿನ ಮೇಲೆ ಯಂತ್ರದ ಬಾಣ ತೋರಿಸಿದತ್ತ ನಡೆದರು. ಆ ಕಡೆಯಿಂದ ಮಾಯಾ ಎಂದೂ ಬಂದವಳಲ್ಲ. ಅವನ ಹೊಲದಲ್ಲಿ ಅವಳ ಕೇರಿಯವರಿಗೆ ದಾರಿ ಇರಲಿಲ್ಲ. ಹಳ್ಳ ದಾಟಿದರು, ಜಾಲಿಯ ಕಂಟಿ ಸರಿಸಿದರು, ಸಣ್ಣ ಕಲ್ಲಿನ ಗರಸಿನ ದಿಬ್ಬ ಹತ್ತಿದರು. ಯಂತ್ರ ಗುಂಯ್ ಎಂದಿತು. ಗುರುತು ಸಿಕ್ಕಿತ್ತು.

ಮಾಯಾಳ ಕಾಲ ಬಳಿ ಒಂದು ಮಣ್ಣಿನ ಗುಪ್ಪೆ, ಅದರ ತಲೆಯ ಕಡೆ ಒಂದು ಕಲ್ಲು. ಕಲ್ಲಿನ ಮೇಲೆ ನೀಲಿ ಬಣ್ಣದಲ್ಲಿ ‘ತಿರಕಪ್ಪ’ ಎಂದು ಬರೆದಿತ್ತು. ಎರಡು ವರ್ಷದ ಹಿಂದೆ ಅಪ್ಪನನ್ನು ಹೂಳಿದ ಮರುದಿನ ಆ ಅಕ್ಷರಗಳನ್ನು ಬರೆದವಳು ಅವಳೇ. ಕೇರಿಯ ಕಡೆಯಿಂದ ಬಂದರೆ ಕಣ್ಣು ಕಟ್ಟಿದರೂ ಗುರುತು ಹಿಡಿಯುತ್ತಿದ್ದಳು. ಆಕಾಶದಿಂದ ಬಂದವಳಿಗೆ ಹಳದಿ ಚುಕ್ಕಿ ಕಂಡಿತ್ತು. ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು.

“ಸರ್, ಇದು ನಮ್ಮ ಕೇರಿ ಸುಡಗಾಡರಿ. ಪಾಳು ಅಲ್ರಿ. ನಾನ ತಪ್ಪು ಮಾಡೇನ್ರಿ.”

“ಯಾರ ಕೇರಿದು?” ಎಂದ ದೇವೇಂದ್ರಪ್ಪ. “ಪಹಣಿ ಉತಾರದಾಗ ಸರಕಾರಿ ಗಾಯರಾಣ, ದನಾ ಮೇಯೂ ಜಾಗಾ ಅಂತ ಐತಿ. ಹೆಣಾ ಹುಗದಲ್ಲೆಲ್ಲಾ ನಿಮ್ದ ಆದ್ರ ನಾವು ಬದುಕಿದ್ದವರು ಎಲ್ಲಿಗೆ ಹೋಗೂಣು?” ದಿಬ್ಬಕ್ಕೆ ಕಂಬ ಬಂದರೆ ಲಾರಿ ಓಡಾಡುವ ರಸ್ತೆಯ ಗುತ್ತಿಗೆ ಅವನದು. ಹೀಗಾಗಿ ಬದುಕಿದ್ದವರ ಚಿಂತೆ ಅವನಿಗೆ ಜಾಸ್ತಿ.

ಕೊಟ್ರೇಶ ಕನ್ನಡಕ ಒರೆಸಿಕೊಂಡರು. “ನೋಡವಾ ಮಾಯಾ, ಉಪಗ್ರಹಕ್ಕ ಜಾತಿ ಇಲ್ಲ. ಅದಕ್ಕ ಕಂಡದ್ದು ಖರೆ. ಇಲ್ಲೆ ಒಂದ ಗ್ವಾಡಿ ಐತೇನು? ಒಂದ ಕಟ್ಟಿ? ಮಣ್ಣಿನ ಮ್ಯಾಲ ಮಣ್ಣು. ಪಾಳು ಅಂತ ಕಲಿಸಿದಾಕಿನೂ ನೀನ.”

“ಮ್ಯಾಲಿಂದ ಕಾಣಬೇಕಂದ್ರ ನಿಮ್ಮಪ್ಪಗ ತಾಜಮಹಲ್ ಕಟ್ಟಬೇಕಿತ್ತು,” ಎಂದ ದೇವೇಂದ್ರಪ್ಪ. ನಾಲ್ಕು ಮಂದಿ ನಕ್ಕರು. ನಗದವರು ಮೊಬೈಲ್ ನೋಡಿದರು.

“ಬರೂ ವಾರದ ಚಿತ್ರಾನೂ ನೋಡಿಬಿಡೂಣು,” ಎಂದರು ಕೊಟ್ರೇಶ, ದೊಡ್ಡ ಉಪಕಾರ ಮಾಡುವವರಂತೆ. “ಅದರಾಗೂ ಪಾಳು ಅಂತ ಬಂದ್ರ ನಕ್ಷಾದ ಮ್ಯಾಲ ನೀ ಸಹಿ ಮಾಡ್ತಿ, ತಾಲೂಕಾ ಆಫೀಸಿಗೆ ಹೋಗತೈತಿ. ಸಹಿ ಮಾಡಲಿಲ್ಲಂದ್ರ ಪ್ರಾಜೆಕ್ಟಿನ ಮಾರ್ಕ್ಸ್ ಮರತುಬಿಡು. ಡಿಗ್ರೀನೂ ಮರತುಬಿಡು.”

ಆ ಸಂಜೆ ಮಾಯಾ ಹಾಸ್ಟೆಲ್ಲಿಗೆ ಹೋಗಲಿಲ್ಲ. ತಾಯಿಯ ಮುಂದೆ ಕೂತು ಎಲ್ಲ ಹೇಳಿದಳು, ದಿಬ್ಬವನ್ನು ಆರಿಸಿಕೊಟ್ಟವಳು ತಾನೇ ಎಂಬುದನ್ನೂ. ದುರಗವ್ವ ಸುಣ್ಣಕ್ಕೆ ಸುಟ್ಟ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

“ಭಾಡ್ಯಾ, ಅವನ ಹೆಣಾ ಎತ್ತಲಿ,” ಎಂದಳು. ಎಣ್ಣೆ ತಿಕ್ಕುವುದನ್ನು ಬಿಡಲಿಲ್ಲ. “ನಿನ್ನ ಆ ಉಪಗ್ರಹ ಯಾವಾಗ ಬರತೈತಿ?”

“ಐದು ದಿವಸಕ್ಕೊಮ್ಮಿ. ಸೋಮವಾರ ಹನ್ನೊಂದರ ಸುಮಾರಿಗೆ ನಮ್ಮ ಮ್ಯಾಲ ಹಾಯತೈತಿ.”

“ಅದಕ್ಕ ಏನ ಕಾಣತೈತಿ?”

“ಸಣ್ಣದು ಕಾಣೂದಿಲ್ಲವ್ವ. ಮೂವತ್ತು ಮೂವತ್ತೈದು ಅಡಿ ಅಗಲ ಬೆಳ್ಳಗಿದ್ರ ಒಂದ ಚುಕ್ಕಿ ಆಗತೈತಿ, ಮನಿ ಮಾಳಿಗಿ ಅಂತ ತಿಳಕೊಂತೈತಿ.”

ದುರಗವ್ವ ಬೆರಳು ಮಡಚಿ ಏನೋ ಅಂದಾಜು ಮಾಡಿದಳು. “ನಾಕ್ನಾಕು ಗುಪ್ಪಿ ಕೂಡಿಸಿ, ನಡುವಿನ ನೆಲಾನೂ ಹಿಡದು ಬಳಿಯೂಣು. ಇದ್ದಾಗೂ ಒಂದ ಖೋಲ್ಯಾಗ ಹತ್ತು ಮಂದಿ ಮಲಗಿದವರು, ಏನೂ ಅನ್ನೂದಿಲ್ಲ.”

“ಅಷ್ಟ ಸುಣ್ಣಾ ಎಲ್ಲಿಂದ ತರೂಣವ್ವ?”

“ದೇವೇಂದ್ರಪ್ಪನ ಹಿತ್ತಲದಾಗ ಚೀಲಾ ಒಟ್ಟೇನಿ. ಅವನ ಮನಿ ಈ ವರ್ಸ ಕರ್ರಗ ಇರಲಿ.”

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಕೇರಿಯೇ ದಿಬ್ಬದ ಮೇಲಿತ್ತು. ಒಬ್ಬರು ನೀರು ಹೊತ್ತರು, ಒಬ್ಬರು ಕಲಸಿದರು. ಮುದುಕರು ಕೋಲೂರಿ ನಿಂತು ಇದು ಯಾರ ಗುಪ್ಪೆ, ಅದು ಯಾರದು ಎಂದು ತೋರಿಸಿದರು. ಮಾಯಾ ಹಗ್ಗ ಹಿಡಿದು ಅಳತೆ ಹಾಕಿದಳು. ಹತ್ತೂವರೆಗೆ ಗರಸಿನ ದಿಬ್ಬ ಕಣ್ಣು ಕುಕ್ಕುವಂತೆ ಬಿಳಿಯಾಗಿತ್ತು. ಅಪ್ಪನ ಕಲ್ಲಿನ ನೀಲಿ ಅಕ್ಷರಗಳನ್ನು ಮಾತ್ರ ದುರಗವ್ವ ಹಾಗೇ ಬಿಟ್ಟಿದ್ದಳು. ಹನ್ನೊಂದಾಯಿತು. ಮೇಲೆ ಏನೂ ಕಾಣಲಿಲ್ಲ. ಆದರೂ ಎಲ್ಲರೂ ತಲೆಯೆತ್ತಿ ನಿಂತರು.

ಬುಧವಾರ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ದೇವೇಂದ್ರಪ್ಪನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದರು. ನಕ್ಷೆಯನ್ನು ಕೈಯಾರೆ ಒಯ್ಯಲು ಬಂದಿದ್ದ. ಮೇಜಿನ ಮೇಲೆ ಸಹಿಗೆ ಹಾಳೆ, ಹಾಳೆಯ ಮೇಲೆ ಪೆನ್ನು ಸಿದ್ಧವಾಗಿದ್ದವು. ಕೊಟ್ರೇಶ ಹೊಸ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟರು. ಪರದೆಯ ಮೇಲೆ ಬಣ್ಣಗಳು ಒಂದೊಂದಾಗಿ ಕೂತವು. ಹಳ್ಳದ ಆಚೆ, ನಲವತ್ತೊಂದನೆಯ ಗುರುತಿನ ಸುತ್ತ, ಕೆಂಪು ಕೆಂಪು ಚೌಕಗಳು ಮೂಡಿದವು.

“ಕೆಂಪು ಅಂದ್ರೇನ್ರಿ ಸರ?” ಎಂದ ದೇವೇಂದ್ರಪ್ಪ.

ಕೊಟ್ರೇಶ ಪರದೆಯ ಕಡೆಗೆ ಇನ್ನಷ್ಟು ಬಾಗಿದರು. ಸುಶ್ಮಿತಾ ತಡೆಯಲಾರದೆ ಹೇಳಿಬಿಟ್ಟಳು. “ವಸತಿರಿ. ಜನಾ ಇರೂ ಜಾಗಾ.”

“ಅಲ್ಲೆ ಯಾವ ಸೂಳೇಮಗ ಇರತಾನ?”

“ನಮ್ಮಪ್ಪ ಇರತಾನ್ರಿ,” ಎಂದಳು ಮಾಯಾ ಎದ್ದು ನಿಂತು. “ನಮ್ಮಜ್ಜ ಇರತಾನ. ಒಬ್ಬೊಬ್ಬರ ಹೆಸರು ಹೇಳಲೇನ್ರಿ?”

ದೇವೇಂದ್ರಪ್ಪ ಪರದೆಯನ್ನೇ ನೋಡುತ್ತಿದ್ದ. ಅವನ ಮುಖ ಮೆಲ್ಲಗೆ ಕಪ್ಪಿಟ್ಟಿತು. “ನನ್ನ ಸುಣ್ಣಾ,” ಎಂದ.

“ಇದು ಮೋಸ. ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ,” ಎಂದರು ಕೊಟ್ರೇಶ. “ಆ ಬಣ್ಣಾ ತಿದ್ದು. ಹಳದಿ ಮಾಡು. ಸಹಿ ಮಾಡು.”

“ಉಪಗ್ರಹಕ್ಕ ಜಾತಿ ಇಲ್ಲ, ಅದಕ್ಕ ಕಂಡದ್ದು ಖರೆ ಅಂದವರು ನೀವ ಅಲ್ಲೇನ್ರಿ ಸರ್?”

ಮಾಯಾ ಪೆನ್ನನ್ನು ಎತ್ತಿ ಅವರ ಕಡೆಗೆ ಚಾಚಿದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಉಳಿದಿತ್ತು.

“ನೀವ ತಿದ್ರಿ. ಶನಿವಾರ ಮತ್ತ ಹಾಯತೈತಿ ಅದು. ಅವ್ವ ಆಗಲೇ ಸುಣ್ಣಾ ಕಲಸಾಕ ಹತ್ಯಾಳ.”