ಸೇತುವೆ ಕಾಯುವವರು

ದಾಳಗಳು ಮೇಜಿನ ಮೇಲೆ ಉರುಳಿ ನಿಂತವು. ಬಿದ್ದದ್ದು ಒಂದು ಮತ್ತು ಎರಡು. ಉಸಿರೆಳೆದುಕೊಂಡು ತಮ್ಮ, "ಐದು, ನಾಲ್ಕು" ಎಂದ.

"ಹಾಗಾದ್ರೆ ಸೇತುವೆ ಇನ್ನೂ ನಮ್ಮದೇ," ಎಂದ ಅಣ್ಣ. ಗೆದ್ದವನ ಗತ್ತು ಮಾತ್ರ ದನಿಯಲ್ಲಿ ಇರಲಿಲ್ಲ.

ಆ ಮೇಜು ಕೋಣೆಯ ಮುಕ್ಕಾಲು ಪಾಲು ನುಂಗಿಕೊಂಡಿತ್ತು. ಥರ್ಮಾಕೋಲಿನ ಗುಡ್ಡ, ನೀಲಿ ಬಳಿದ ಹಲಗೆಯ ನದಿ, ಅದರ ಮೇಲೊಂದು ಸೇತುವೆ, ಈಚೆ ದಡದಲ್ಲಿ ಮರಳು ಅಂಟಿಸಿದ ಕಂದಕ, ಅದರೊಳಗೆ ಹೆಬ್ಬೆರಳೆತ್ತರದ ಸೀಸದ ಸಿಪಾಯಿಗಳು. ನೂರು ವರ್ಷದ ಹಿಂದಿನ ಮಹಾಯುದ್ಧದ ಒಂದು ದಿನ ಅಲ್ಲಿ ಹರಡಿಕೊಂಡಿತ್ತು. ಸರ್ವೇಯರ್ ಆಗಿದ್ದ ಅಣ್ಣ ಹಳೆಯ ನಕ್ಷೆ ನೋಡಿ ಗುಡ್ಡದ ಏರಿಳಿತವನ್ನೂ ಅಳತೆಗೆ ತಂದಿದ್ದ. ರೇಡಿಯೊ ರಿಪೇರಿ ಮಾಡುವ ತಮ್ಮ, ಸಿಪಾಯಿಗಳಿಗೆ ಮೀಸೆಯವರೆಗೂ ಬಣ್ಣ ಹಚ್ಚಿದ್ದ. ತಮ್ಮನ ಹೆಂಡತಿ ಇಬ್ಬರನ್ನೂ ದಂಡನಾಯಕರು ಎಂದು ಕರೆದು, ಊಟಕ್ಕೆ ಕದನವಿರಾಮ ಘೋಷಿಸುತ್ತಿದ್ದಳು.

ನಿಜವಾದ ಯುದ್ಧದಲ್ಲಿ ಸೇತುವೆ ಕಾಯುತ್ತಿದ್ದವರು ಸಂಜೆಯೊಳಗೆ ಸೋತಿದ್ದರು. ಅಣ್ಣ ಸದಾ ಅವರ ಪಕ್ಷ. ಒಂದೇ ಒಂದು ಸಲ ಅವರು ಅದನ್ನು ಉಳಿಸಿಕೊಳ್ಳಬೇಕು ಎಂಬುದು ಅವನ ಹಟ. ಇಷ್ಟು ವರ್ಷಗಳ ನೇರ ಆಟದಲ್ಲಿ ಅದು ಒಮ್ಮೆಯೂ ಆಗಿರಲಿಲ್ಲ. ಸತ್ತ ಸಿಪಾಯಿಯನ್ನು ಆ ಪಕ್ಷ ಆಡುವವನೇ ಮಲಗಿಸಬೇಕು ಎಂಬುದು ಅವರಿಬ್ಬರ ನಿಯಮ. ಸೋತಾಗಲೆಲ್ಲ ಅಣ್ಣ ಗೊಣಗದೆ ತನ್ನವರನ್ನು ಮಲಗಿಸುತ್ತಿದ್ದ.

ಸಕ್ಕರೆ ಕಾಯಿಲೆ ಅವನ ಕಣ್ಣು ತೆಗೆದುಕೊಂಡ ಮೇಲೆ ದಾಳ ನೋಡಿ ಹೇಳುವ ಕೆಲಸ ತಮ್ಮನದಾಯಿತು. ಕಾಯಿಲೆ ಮೂತ್ರಪಿಂಡಕ್ಕೂ ಇಳಿದಿದೆ ಎಂದು ಡಾಕ್ಟರು ಹೇಳಿದ ದಿನದಿಂದ ತಮ್ಮ ಸುಳ್ಳು ಹೇಳತೊಡಗಿದ. ಅದನ್ನು ಪ್ರೀತಿ ಎನ್ನಬೇಕೋ ಪುಕ್ಕಲುತನ ಎನ್ನಬೇಕೋ ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ಒಪ್ಪಲಿಲ್ಲ. ಅವರು ಕುಡಿಯೋ ನೀರನ್ನೂ ನಾವೇ ಅಳೆದು ಕೊಡ್ತೀವಿ, ಅವರದು ಅಂತ ಉಳಿದಿರೋದು ಇದೊಂದು ಆಟ, ಇದರಲ್ಲೂ ಮೋಸ ಮಾಡಬೇಡಿ ಎಂದಿದ್ದಳು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

"ನಿಜವಾಗಿ ಎಷ್ಟು ಬಿತ್ತು?" ಎಂದ ಅಣ್ಣ.

ತಮ್ಮ ಒಬ್ಬ ಸಿಪಾಯಿಯನ್ನು ನೆಟ್ಟಗೆ ನಿಲ್ಲಿಸಿದ.

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ಕಣೋ. ಮುಂಚೆ ದಾಳ ನಿಲ್ಲೋದರೊಳಗೆ ನೀನು ಹೇಳಿಬಿಡ್ತಿದ್ದೆ. ಈಗ ಉಸಿರು ಎಳ್ಕೊಂಡು, ಯೋಚನೆ ಮಾಡಿ ಹೇಳ್ತೀಯ."

"ಒಂದು, ಎರಡು," ಎಂದ ತಮ್ಮ. ಅವನ ಮುಖ ಸಪ್ಪಗಾಗಿತ್ತು.

"ನಾಳೆ ಆಸ್ಪತ್ರೆ. ವಾಪಸ್ ಬರ್ತೀನೋ ಇಲ್ವೋ. ಇವತ್ತೊಂದು ದಿನ ಇದ್ದದ್ದು ಇದ್ದಂಗೆ ಹೇಳು. ಸೋತ್ರೆ ಸೋಲ್ತೀನಿ. ಸೋಲಿಸೋಕೂ ಲಾಯಕ್ಕಿಲ್ಲದವನಾಗಿಬಿಟ್ನಾ ನಾನು?"

ತಮ್ಮ ದಾಳಗಳನ್ನು ಬಾಚಿಕೊಂಡ. ಆಗಲಿ ಎಂದ. ಅಲ್ಲಿಂದ ಬಿದ್ದದ್ದನ್ನೇ ಹೇಳಿದ. ಕಂದಕ ಖಾಲಿಯಾಗುತ್ತ ಬಂತು. ಅಣ್ಣ ಬೆರಳಿನಿಂದ ತಡವಿ ತಡವಿ ತನ್ನವರನ್ನು ಮಲಗಿಸಿದ, ಉಳಿದವರನ್ನು ಹಿಂದೆ ಸರಿಸಿದ, ಫಿರಂಗಿಯ ದೂರ ನೀನು ತಪ್ಪು ಅಳೆದೆ ಎಂದು ಮೊದಲಿನ ಹಾಗೆಯೇ ಜಗಳ ತೆಗೆದ. ಎಷ್ಟೋ ತಿಂಗಳಿಂದ ಕಾಣದ ಕಳೆ ಅವನ ಮುಖಕ್ಕೆ ಮರಳಿತ್ತು.

ಕೊನೆಗೆ ಸೇತುವೆಯ ಬಾಯಲ್ಲಿ ಹಿಡಿಯಷ್ಟು ಜನ ಉಳಿದರು. ಸಂಜೆಯ ಕೊನೆಯ ದಾಳಿ. ಎರಡು ದಾಳದಲ್ಲೂ ಆರು ಬಿದ್ದರೆ ಮಾತ್ರ ಸೇತುವೆ ಉಳಿಯುತ್ತದೆ. "ಹಾಕು," ಎಂದು ಅಣ್ಣ ಮೇಜಿನ ಅಂಚು ಹಿಡಿದುಕೊಂಡ.

ತಮ್ಮ ಹಾಕಿದ. ಆರು. ಇನ್ನೊಂದು ಮೇಜಿನ ಬದಿಯ ಗೋಡೆಗೆ ತಾಗಿ ತಿರುಗಿ ನಿಂತಿತು. ಅದೂ ಆರು. ತಮ್ಮ ಬಗ್ಗಿ ಮತ್ತೊಮ್ಮೆ ನೋಡಿದ. ಉಸಿರೆಳೆದುಕೊಂಡ.

"ಎರಡೂ ಆರು, ಅಣ್ಣ."

ಅಣ್ಣನ ಕೈ ಮೇಜಿನ ಅಂಚಿನಿಂದ ಸಡಿಲವಾಯಿತು.

ತಮ್ಮ ತನ್ನ ಹೆಂಡತಿಯನ್ನು ಕೂಗಿದ. ಅವಳು ಒದ್ದೆ ಕೈಯಲ್ಲೇ ಬಂದು ಬಗ್ಗಿ ನೋಡಿದಳು. "ಹೌದು ಭಾವ, ಎರಡೂ ಆರೇ ಬಿದ್ದಿದೆ," ಎಂದಳು. ಅವಳ ದನಿ ನಡುಗುತ್ತಿತ್ತು.

"ನೀನೂ ಸೇರ್ಕೊಂಡ್ಯಾ, ತಾಯಿ," ಎಂದ ಅಣ್ಣ ಮೆಲ್ಲಗೆ.

ತಮ್ಮ ಆಣೆಯಿಟ್ಟ. ಅಣ್ಣನ ಬೆರಳು ಹಿಡಿದು ದಾಳದ ಮೇಲೆ ಒತ್ತಿದ. ಬಣ್ಣದಲ್ಲಿ ಬರೆದ ಚುಕ್ಕಿಗಳು. ಎಲ್ಲ ಮೈಯೂ ಒಂದೇ ಸಮ ನುಣುಪಾಗಿತ್ತು. ಅಣ್ಣ ಬೆರಳು ಬಿಡಿಸಿಕೊಂಡು ತಮ್ಮನ ಕೈ ತಟ್ಟಿದ.

"ಇರ್ಲಿ ಬಿಡೋ. ನಿನಗೂ ಕಷ್ಟಾನೇ."

ಆಮೇಲೆ ಮೇಜಿನ ಮೇಲೆ ಬಾಗಿ, ಸೇತುವೆಯ ಬಾಯಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ಮಲಗಿಸತೊಡಗಿದ. ಯಾರೂ ತಡೆಯಲಿಲ್ಲ. ಒಬ್ಬ ಸಿಪಾಯಿ ಕೈ ತಾಗಿ ಉರುಳಿ ನದಿಯೊಳಗೆ ಬಿದ್ದ. ಅಣ್ಣ ದಡದ ಮರಳಿನಲ್ಲಿ ಬಹಳ ಹೊತ್ತು ತಡವಿದ. ತಮ್ಮ ಆ ಸಿಪಾಯಿಯನ್ನು ನೀಲಿ ಹಲಗೆಯಿಂದ ಎತ್ತಿ ಅಣ್ಣನ ಅಂಗೈಗಿಟ್ಟ.