ಅಪ್ಪನಿಗೆ ಕಾಲು ಸೂಪು

ಮೂರನೇ ಸಲವೂ ಸೂಪು ಗಟ್ಟಿಯಾಗಲಿಲ್ಲ. ಬೆಳಿಗ್ಗೆ ಎದ್ದವಳೇ ತೇಜಶ್ರೀ ಫ್ರಿಜ್ಜಿನಿಂದ ಸ್ಟೀಲ್ ಡಬ್ಬಿ ತೆಗೆದು ಅಲ್ಲಾಡಿಸಿ ನೋಡಿದಳು. ಒಳಗಿನ ಸೂಪು ನಲ್ಲಿ ನೀರಿನ ಹಾಗೆ ತುಳುಕಿತು. ಮೊಬೈಲಿನ ವಿಡಿಯೊದಲ್ಲಿ ಅಡುಗೆ ತೋರಿಸುವ ಹೆಂಗಸು ಚಮಚ ಅದ್ದಿದರೆ ಸಾಕು, ಸೂಪು ಮುದ್ದೆ ಮುದ್ದೆಯಾಗಿ ನಡುಗುತ್ತಿತ್ತು. ಹಾಗೆ ನಡುಗಿದರೆ ಮಾತ್ರ ಕರುಳಿಗೆ ಒಳ್ಳೆಯದು ಎಂದು ಅವಳು ನಗುನಗುತ್ತ ಹೇಳಿದ್ದಳು.

"ಇವಳ ನಗು ನೋಡಿದ್ರೆ ಮೈ ಉರಿಯುತ್ತೆ," ಎಂದು ತೇಜಶ್ರೀ ಫೋನನ್ನು ಸ್ಲ್ಯಾಬಿನ ಮೇಲೆ ಕುಕ್ಕಿದಳು.

ಅಮ್ಮ ಮುನಿವೆಂಕಟಮ್ಮ ಬಾಗಿಲಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಿಯೂ ನೋಡಲಿಲ್ಲ. ಸೂಪಿನ ವಿಷಯ ಶುರುವಾದ ದಿನದಿಂದ ಅವಳು ಹಾಗೆಯೇ. ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ, ಒಂದು ದಿನ ಒಲೆಯ ಹತ್ತಿರವೂ ಬರಲಿಲ್ಲ.

ಟಿನ್ ಫ್ಯಾಕ್ಟರಿಯ ಹಿಂದಿನ ಗಲ್ಲಿಯಲ್ಲಿ ಅವರದು ಎರಡು ಕೋಣೆಯ ಮನೆ. ಅಪ್ಪ ಪಿಳ್ಳಪ್ಪ ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದವನು. ರಿಟೈರ್ ಆದಮೇಲೂ ಗಲ್ಲಿಯಲ್ಲಿ ಯಾರ ಮನೆಯ ಮೋಟರು ಕೆಟ್ಟರೂ ಸ್ಪ್ಯಾನರ್ ಹಿಡಿದು ಹೋಗುತ್ತಿದ್ದ. ಈ ವರ್ಷ ಫೆಬ್ರವರಿಯಲ್ಲಿ ಕರುಳಿನಲ್ಲಿ ಹುಣ್ಣಾಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದಾಗ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಭಾನುವಾರ ಬುದ್ಧ ವಿಹಾರಕ್ಕೆ ಹೋಗುವುದನ್ನೂ ಬಿಟ್ಟ. ಎರಡು ತುತ್ತು ತಿಂದರೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ತಿರುಗಿ ಮಲಗುತ್ತಿದ್ದ.

ತೇಜಶ್ರೀ ಕಮ್ಮನಹಳ್ಳಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜೊತೆಗೆ ಕೆಲಸ ಮಾಡುವ ವೈಷ್ಣವಿ ಒಂದು ದಿನ ಊಟದ ಹೊತ್ತಿನಲ್ಲಿ ಆ ವಿಡಿಯೊ ತೋರಿಸಿದ್ದಳು. "ಬೋನ್ ಬ್ರಾತ್ ಕಣೇ. ಹತ್ತು ಹನ್ನೆರಡು ಗಂಟೆ ಬೇಯಿಸಿದ್ರೆ ಮೂಳೆ ಸತ್ವ ಎಲ್ಲಾ ನೀರಿಗೆ ಇಳಿಯುತ್ತೆ. ಕರುಳು ಹೊಸದಾಗಿಬಿಡುತ್ತಂತೆ." ತೇಜಶ್ರೀ ಡಾಕ್ಟರನ್ನೂ ಕೇಳಿದ್ದಳು. "ಕೊಡಿ, ತೊಂದರೆ ಇಲ್ಲ. ಆದರೆ ಅದರಿಂದಲೇ ವಾಸಿಯಾಗುತ್ತೆ ಅಂದ್ಕೋಬೇಡಿ. ಮಾತ್ರೆ ಮಾತ್ರ ತಪ್ಪಿಸಬಾರದು," ಎಂದಿದ್ದರು. ಅವಳ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಎರಡು ತಿಂಗಳಿಂದ ಅಪ್ಪ ಕಣ್ಣೆದುರಿಗೆ ಸವೆಯುತ್ತಿದ್ದ. ಕೈಕಟ್ಟಿ ಕೂರುವುದಕ್ಕಿಂತ ಏನೋ ಒಂದು ಮಾಡುವುದು ಅವಳಿಗೆ ಬೇಕಾಗಿತ್ತು.

ಆದರೆ ಆ ಸೂಪು ಅವಳ ಪ್ರಾಣ ಹಿಂಡಿತು. ಮೊದಲ ಸಲ ಮನೆ ಪಕ್ಕದ ಅಂಗಡಿಯವನು ಕೊಟ್ಟ ಚೂರು ಮೂಳೆಗೆ ಪಾತ್ರೆ ತುಂಬ ನೀರು ಸುರಿದಳು. ಎರಡನೇ ಸಲ ಕುಕ್ಕರಿನಲ್ಲಿಟ್ಟಳು. ನೀರಿನ ಟ್ಯಾಂಕರ್ ಬಂತೆಂದು ಕೊಡ ಹಿಡಿದು ಓಡಿದವಳು ವಾಪಸು ಬರುವಷ್ಟರಲ್ಲಿ ತಳ ಹತ್ತಿ ಮನೆಯೆಲ್ಲ ಹೊಗೆ. ಈ ಸಲ ವಿಡಿಯೊದವಳು ಹೇಳಿದಂತೆ ವಿನೆಗರ್ ಹಾಕಿದ್ದಳು. ಕೈ ತಪ್ಪಿ ಹೆಚ್ಚು ಬಿದ್ದು ಸೂಪು ಹುಳಿ ಹುಳಿ. ಆದರೂ ಅಪ್ಪ ಪ್ರತಿ ಸಲವೂ ಲೋಟ ತೆಗೆದುಕೊಂಡು, "ಅಲ್ಲಿಡು ಅಮ್ಮಣ್ಣಿ, ಆರಲಿ, ಕುಡೀತೀನಿ," ಅನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ತಾನೇ ತಂದು ತೊಳೆಯಲು ಇಡುತ್ತಿದ್ದ. ಆ ಖಾಲಿ ಲೋಟ ನೋಡಿಯೇ ಅವಳಿಗೆ ಮತ್ತೆ ಹುಮ್ಮಸ್ಸು ಬರುತ್ತಿತ್ತು.

ಮಂಗಳವಾರ ಕೆಲಸ ಮುಗಿಸಿ ಅವಳು ಶಿವಾಜಿನಗರಕ್ಕೇ ಹೋದಳು. ಮಾರ್ಕೆಟ್ಟಿನ ಹಿಂದೆ ನಾಜಿಶ್ ಎಂಬವರ ಮಟನ್ ಅಂಗಡಿ. ಅರವತ್ತರ ಹತ್ತಿರದ ಮನುಷ್ಯ. ಅವಳ ಕತೆಯನ್ನೆಲ್ಲ ಕೇಳಿ, ಚಾಕು ಕೆಳಗಿಟ್ಟು ಹಣೆ ಚಚ್ಚಿಕೊಂಡರು.

"ಅರೆ ಬೇಟಾ, ಬರೀ ತೊಡೆಯ ನಲ್ಲಿ ಮೂಳೆ ಹಾಕಿದ್ರೆ ಎಲ್ಲಿಂದ ಗಟ್ಟಿ ಆಗುತ್ತೆ? ಕಾಲು ಹಾಕ್ಬೇಕು, ಕಾಲು. ಅದ್ರಲ್ಲಿ ಅಂಟು ಇರೋದು. ನೀರು ಮೂಳೆ ಮುಳುಗೋಷ್ಟು ಸಾಕು. ಕೊತ ಕೊತ ಕುದಿಸ್ಬಾರ್ದು. ಒಂದೊಂದೇ ಗುಳ್ಳೆ ಬರ್ಬೇಕು, ಅಷ್ಟು ಸಣ್ಣ ಉರಿ. ವಿನೆಗರ್ ಗಿನೆಗರ್ ಏನೂ ಬೇಡ. ಅಬ್ಬಾಜಾನ್‌ಗೆ ಅಲ್ವಾ? ನಾನೇ ಸುಟ್ಟು ಕ್ಲೀನ್ ಮಾಡಿ ಕೊಡ್ತೀನಿ."

ಬುಧವಾರ ಅವಳು ರಜೆ ಹಾಕಿದಳು. ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚಿದಳು. ಮೇಲೆ ಬಂದ ನೊರೆಯನ್ನು ಚಮಚದಿಂದ ತೆಗೆದು ತೆಗೆದು ಚೆಲ್ಲಿದಳು. ಸೆಖೆಗೆ ಅಡುಗೆಮನೆ ಬೇಯುತ್ತಿತ್ತು. ಫ್ಯಾನ್ ಹಾಕಿದರೆ ಉರಿ ಆರುತ್ತದೆಂದು ಅದನ್ನೂ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂದಲು, ಬಟ್ಟೆ, ದಿಂಬು ಎಲ್ಲಕ್ಕೂ ಕಾಲಿನ ವಾಸನೆ ಹತ್ತಿತ್ತು. ಅಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಕೂತ. ಬಿಸಿಲು ಕುರ್ಚಿಯ ಮೇಲೆ ಬಂದರೂ ಒಳಗೆ ಬರಲಿಲ್ಲ.

ಸಂಜೆ ಐದಕ್ಕೆ ಸೂಪು ಸೋಸಿ ಫ್ರಿಜ್ಜಿನಲ್ಲಿಟ್ಟಳು. ಮರುದಿನ ಬೆಳಿಗ್ಗೆ ಡಬ್ಬಿ ತೆಗೆದರೆ ಮೇಲೆ ಬಿಳಿ ಕೊಬ್ಬಿನ ಪದರ, ಅದರ ಕೆಳಗೆ ಜೇನಿನ ಬಣ್ಣದ ಸೂಪು. ಚಮಚ ಇಟ್ಟಳು. ನಡುಗಿತು.

"ಅಮ್ಮಾ! ಬಾ ಇಲ್ಲಿ, ನೋಡು! ಆಯ್ತು!"

ಮುನಿವೆಂಕಟಮ್ಮ ಬಂದು ನೋಡಿದಳು. "ಚೆನ್ನಾಗೈತೆ," ಎಂದಳು. ದನಿಯಲ್ಲಿ ಸಂತೋಷವಿರಲಿಲ್ಲ.

ತೇಜಶ್ರೀ ಕೊಬ್ಬು ತೆಗೆದು, ಒಂದು ಲೋಟದಷ್ಟು ಬಿಸಿ ಮಾಡಿ, ಚಿಟಿಕೆ ಉಪ್ಪು ಹಾಕಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಎಂದಿನಂತೆ, "ಅಲ್ಲಿಡು, ಆರಲಿ," ಎಂದ. ಅವಳು ಕೆಲಸಕ್ಕೆ ಹೊರಡಲು ಸ್ನಾನಕ್ಕೆ ಹೋದಳು. ನೀರು ಹುಯ್ದುಕೊಂಡರೆ ಕೆಳಗೆ ಇಳಿಯುತ್ತಲೇ ಇಲ್ಲ, ಪಾದ ಮುಳುಗುವಷ್ಟು ನಿಂತಿತು. ಬಗ್ಗಿ ಮೋರಿಯ ಜಾಲರಿ ಎತ್ತಿದಳು. ಜಾಲರಿಯ ಅಡಿಯಲ್ಲಿ ಮೇಣದ ಹಾಗೆ ಕೊಬ್ಬು ಹೆಪ್ಪುಗಟ್ಟಿತ್ತು. ಬೆರಳಿಂದ ಕೆರೆದು ಮೂಸಿದಳು. ವಿನೆಗರಿನ ಹುಳಿಯೂ ಇತ್ತು, ತಳ ಹತ್ತಿದ್ದರ ಕಮಟೂ ಇತ್ತು.

ಒದ್ದೆ ತಲೆಯಲ್ಲೇ ಬಟ್ಟೆ ಸುತ್ತಿಕೊಂಡು ಹೊರಗೆ ಬಂದಳು. ಅಪ್ಪ ಲೋಟ ಹಿಡಿದು ಬಚ್ಚಲ ಬಾಗಿಲಿನಲ್ಲೇ ನಿಂತಿದ್ದ, ಅವಳು ಬರಲಿ ಎಂದು ಕಾಯುತ್ತ.

"ಒಂದು ತಿಂಗಳಿಂದ ನಾನು ಮೋರಿಗೆ ಸೂಪು ಮಾಡ್ತಿದ್ದೀನಾ ಅಪ್ಪಾ?"

ಪಿಳ್ಳಪ್ಪ ತಲೆ ತಗ್ಗಿಸಿದ.

"ಹೇಳು! ಕೈ ಸುಟ್ಕೊಂಡು, ರಜೆ ಹಾಕಿ, ಶಿವಾಜಿನಗರದ ತನಕ ಅಲೆದು ಮಾಡಿದ್ನಲ್ಲ, ಯಾರಿಗೆ ಮಾಡಿದ್ದು? ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನೋಕೆ ಬಾಯಿ ಇಲ್ವಾ?"

"ಕೂಗಬೇಡ ಕಣೆ," ಎಂದಳು ಮುನಿವೆಂಕಟಮ್ಮ. "ಅವರು ಮೂಳೆ ನೀರು ಕುಡಿಯಾಕಿಲ್ಲ. ನಾನು ಮದುವೆಯಾಗಿ ಬಂದಾಗಿಂದ ಕುಡಿದಿಲ್ಲ."

"ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಸೊಪ್ಪು ಬಿಡಿಸ್ಕೊಂಡು ಕೂತಿದ್ಯಾ?"

"ಅದು ಅವರ ಮಾತು. ಅವರೇ ಹೇಳ್ಬೇಕು."

ಅಪ್ಪ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮಂಚದ ತುದಿಯಲ್ಲಿ ಕೂತ.

"ಹೊಸಕೋಟೆ ಆಚೆ ನಮ್ಮೂರಲ್ಲಿ ಪಟೇಲರ ಮನೇಲಿ ಕುರಿ ಕುಯ್ದ್ರೆ ನಮ್ಮವ್ವ ಹೋಗಿ ಹಿತ್ತಲು ತೊಳೀತಿದ್ಲು. ಊಟ ಎಲ್ಲಾ ಆದ್ಮೇಲೆ ಸೆರಗಿಗೆ ಮೂಳೆ ಹಾಕೋರು. ಅವ್ವ ತಂದು ತೊಳೆದು ಬೇಯಿಸೋಳು. ಆ ನೀರು ಕುಡಿಯಾಕೆ ನಾವು ಐದು ಮಕ್ಕಳು ಕಿತ್ತಾಡ್ತಿದ್ವಿ. ಅದೇ ನಮಗೆ ಹಬ್ಬ. ಒಂದಿನ ನಾನೂ ಅವ್ವನ ಹಿಂದೆ ಹೋದೆ. ಎಂಟೊಂಬತ್ತು ವರ್ಷ ಇರಬೇಕು. ಅವರು ಚೀಪಿ ಎಲೆ ಮೇಲೆ ಉಗಿದಿದ್ದ ಮೂಳೆ ಅಮ್ಮಣ್ಣಿ... ಅದನ್ನ ಬಳಿದು ಬಳಿದು ಅವ್ವನ ಸೆರಗಿಗೆ ಹಾಕ್ತಿದ್ರು. ಅವ್ವ ಸೆರಗು ಇನ್ನೂ ಅಗಲ ಮಾಡಿದ್ಲು."

ಅವನು ಅಂಗೈಯಿಂದ ಮೊಣಕಾಲು ಉಜ್ಜಿಕೊಂಡ.

"ಅವತ್ತಿಂದ ಆಗಲ್ಲ."

ತೇಜಶ್ರೀಯ ತಲೆಯಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಗುತ್ತಿತ್ತು. ಅಪ್ಪನ ತಟ್ಟೆಯಲ್ಲಿ ಅವಳು ಹುಟ್ಟಿದಾಗಿನಿಂದ ಒಂದು ಮೂಳೆಯನ್ನೂ ಕಂಡಿರಲಿಲ್ಲ ಎಂಬುದು ಈಗ ಹೊಳೆಯಿತು. ಹಲ್ಲು ನೋವು ಎಂದೇ ಅಂದುಕೊಂಡಿದ್ದಳು. ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಆ ಪಟೇಲರು ಸತ್ತು ಎಷ್ಟು ವರ್ಷವಾಯಿತೋ. ಸೆರಗು ಒಡ್ಡಿದ ಅಜ್ಜಿಯನ್ನು ಅವಳು ಫೋಟೊದಲ್ಲೂ ನೋಡಿರಲಿಲ್ಲ.

"ಇದು ಅವರ ಮನೇದಲ್ಲ ಅಪ್ಪಾ," ಎಂದಳು. ದನಿ ಅವಳಿಗೇ ಗೋಗರೆದಂತೆ ಕೇಳಿಸಿತು. "ನಾನೇ ನಿಂತು ಆರಿಸಿ ತಂದಿದ್ದು. ಯಾರೂ ಬಾಯಿ ಹಾಕಿಲ್ಲ."

"ನನಗೆ ಗೊತ್ತು. ನಾಲಿಗೆಗೆ ಹೆಂಗೆ ಹೇಳಲಿ?"

"ಮೊದಲ ದಿನಾನೇ ಹೇಳಬಹುದಿತ್ತು."

"ಏನಂತ ಹೇಳೋದು? ನೀನು ಅಷ್ಟು ಆಸೆಯಿಂದ ಮಾಡ್ತಿದ್ದೆ. ಓದಿ ಬೆಳೆದ ಮಗಳಿಗೆ ಇದೆಲ್ಲಾ ಯಾಕೆ ಅನ್ನಿಸ್ತು."

ಅವಳು ಬಚ್ಚಲಿಗೆ ಹೋಗಿ, ಬಿಸಿ ನೀರು ಹುಯ್ದು, ಕಡ್ಡಿ ಹಾಕಿ ತಿರುವಿ ತಿರುವಿ ಮೋರಿ ಬಿಡಿಸಿದಳು. ಅರ್ಧ ಗಂಟೆ ಹಿಡಿಯಿತು. ಅಂಗಡಿಗೆ ತಡವಾಗಿ ಹೋಗಿ ಬೈಸಿಕೊಂಡಳು. ವೈಷ್ಣವಿ "ಜೆಲ್ಲಿ ಆಯ್ತಾ?" ಎಂದು ಕೇಳಿದ್ದಕ್ಕೆ, "ಆಯ್ತು," ಎಂದಷ್ಟೇ ಹೇಳಿದಳು. ಡಬ್ಬಿಯಲ್ಲಿದ್ದ ಸೂಪನ್ನು ಎರಡು ದಿನ ಅವಳೂ ಅಮ್ಮನೂ ಕುಡಿದು ಮುಗಿಸಿದರು. ಚೆನ್ನಾಗಿಯೇ ಇತ್ತು. ಅದು ಇನ್ನೂ ಬೇಜಾರು ತಂದಿತು.

ಅಪ್ಪನಿಗೆ ಅಮ್ಮ ರಾಗಿ ಗಂಜಿ, ಬೇಯಿಸಿದ ಮೊಟ್ಟೆ, ಮೆತ್ತಗಿನ ಅನ್ನಕ್ಕೆ ಹೆಸರುಬೇಳೆ ಕಟ್ಟು ಕೊಡುತ್ತಿದ್ದಳು. ಅದನ್ನು ಅವನು ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪವಾಗಿ, ತಕರಾರಿಲ್ಲದೆ ತಿಂದ. ಮಾತ್ರೆಗಳನ್ನು ಫಿಟ್ಟರ್ ಶಿಸ್ತಿನಲ್ಲಿ ಗಡಿಯಾರ ನೋಡಿ ನುಂಗಿದ.

ಮುಂದಿನ ತಿಂಗಳು ಡಾಕ್ಟರ ಹತ್ತಿರ ತೂಕ ನೋಡಿದರೆ ಎರಡೂವರೆ ಕಿಲೋ ಏರಿತ್ತು. ಹೊಟ್ಟೆ ಒತ್ತಿ ನೋಡಿ ಡಾಕ್ಟರು ತಲೆದೂಗಿದರು. "ಪರವಾಗಿಲ್ಲ, ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ. ಊಟಕ್ಕೆ ಏನು ಕೊಡ್ತಿದ್ದೀರಾ?"

ತೇಜಶ್ರೀ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: "ಮಗಳು ಕಾಲು ಸೂಪು ಮಾಡ್ತಾಳೆ ಸಾರ್. ಶಿವಾಜಿನಗರದಿಂದ ಕಾಲು ತಂದು, ಹತ್ತು ಗಂಟೆ ಒಲೆ ಮುಂದೆ ನಿಂತು."

"ಒಳ್ಳೇದು. ಮುಂದುವರಿಸಿ," ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ಬಸ್ ಸ್ಟಾಪಿನ ತನಕ ಅವಳು ಹಲ್ಲು ಕಚ್ಚಿಕೊಂಡು ನಡೆದಳು. ಅಲ್ಲಿ ನಿಂತು ತಿರುಗಿದಳು.

"ಡಾಕ್ಟರ್ ಮುಂದೆ ಯಾಕಪ್ಪಾ ಸುಳ್ಳು ಹೇಳಿದೆ?"

"ಯಾವುದು ಸುಳ್ಳು? ನೀನು ಮಾಡಲಿಲ್ವಾ?"

"ಮಾಡಿದೆ."

"ಅದನ್ನೇ ಹೇಳಿದೆ. ನಾನು ಕುಡಿದೆ ಅಂತ ಎಲ್ಲಿ ಹೇಳಿದೆ?"

ಬಸ್ಸು ಬಂತು. ಅವನ ಕೈಯಿಂದ ಮಾತ್ರೆಯ ಚೀಲ ಕಸಿದುಕೊಂಡು, "ಹತ್ತು ಮೊದಲು, ಸೀಟು ಹೋಗುತ್ತೆ," ಎಂದು ಗದರಿ, ಬೆನ್ನಿಗೆ ಕೈ ಕೊಟ್ಟು ಹತ್ತಿಸಿದಳು.