ಚಾಂದನಿ ಕಾಲು ಕೊಟ್ಟಳು

“ಎತ್ತಿನ ಗೊರಸು ಕೆರ್ಯೋನ್ ಕೈಗೆ ಕುದ್ರೆ ಕಾಲು ಕೊಟ್ನಲ್ಲ, ನನ್ ತಲೇಲಿ ಇರೋದು ಬರೀ ಲದ್ದಿನೇ ಕಣ್ರಪ್ಪ!”

ಅಂದವನು ನಂಜನಗೂಡಿನ ನಾಗೇಂದ್ರ, ಮದುವೆಗಳಿಗೆ ಕುದುರೆ ಬಾಡಿಗೆಗೆ ಬಿಡುವವನು. ಅನ್ನಿಸಿಕೊಂಡವನು ನಾನು, ಜಗನ್, ಅವನ ಕುದುರೆ ಚಾಂದನಿಗೆ ಹೋದ ವಾರ ಲಾಳ ಕಟ್ಟಿದವನು. ಕೇಳಿಸಿಕೊಂಡವರು ಹುಲ್ಲಹಳ್ಳಿಯ ನಮ್ಮ ಬೀದಿಯ ಅಷ್ಟೂ ಜನ, ಜೊತೆಗೆ ತಮಟೆಯವರು, ವಿಡಿಯೋದವನು. ಆ ಪುಣ್ಯಾತ್ಮ ಕ್ಯಾಮೆರಾವನ್ನು ನಾಗೇಂದ್ರನ ಬಾಯಿಂದ ಸೀದಾ ನನ್ನ ಮುಖಕ್ಕೆ ತಿರುಗಿಸಿದ.

ಅವತ್ತು ನನ್ನ ಚಿಕ್ಕಪ್ಪನ ಮಗಳು ಸಂಘಮಿತ್ರಾಳ ಮದುವೆ. ಮನೆಯಿಂದ ಸಮುದಾಯ ಭವನದವರೆಗೆ ತಾನು ಕುದುರೆ ಮೇಲೇ ಹೋಗಬೇಕೆಂದು ಅವಳ ಹಟ. “ಗಂಡು ಕುದ್ರೆ ಮೇಲೆ ಬರೋದ ಎಲ್ಲಾರೂ ನೋಡವ್ರೆ. ಎಣ್ಣು ಓಗೋದ್ನೂ ಒಂದ್ಸಲ ನೋಡ್ಲಿ,” ಅಂದಿದ್ದಳು. ಚಿಕ್ಕಪ್ಪ ಮೊದಲು ಬೇಡ ಅಂದ, ಆಮೇಲೆ ಊರಿಗೆಲ್ಲ ತಾನೇ ಹೇಳಿಕೊಂಡು ತಿರುಗಿದ. ಈಗ ಬಿಳಿ ಸೀರೆ ಉಟ್ಟು ಅವಳು ಹೊರಗೆ ಬಂದರೆ, ಚಾಂದನಿ ಬಲಗಡೆಯ ಮುಂಗಾಲನ್ನು ನೆಲಕ್ಕೆ ಊರುತ್ತಿಲ್ಲ. ಊರಿದರೂ ಕೆಂಡ ತುಳಿದವಳ ಹಾಗೆ ಎತ್ತಿಬಿಡುತ್ತಾಳೆ.

“ಮದ್ವೆ ಎಣ್ಣ ಕಾರಲ್ಲಿ ಕರ್ಕಂಡೋಗಿ,” ಎಂದ ನಾಗೇಂದ್ರ. “ಇದು ಇವತ್ತು ನಡ್ಯಕಿಲ್ಲ. ಇವ್ನು ಕಟ್ಟಿದ್ ಲಾಳ ಇದು.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸ್ಕೂಲು ಬಿಡಿಸಿದ್ದೂ ಅದೇ. ಮೇಷ್ಟ್ರ ಕೈಯಿಂದ ಕೋಲು ಕಿತ್ತು ಕಿಟಕಿಯಾಚೆ ಎಸೆದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಈಗಲೂ ನಾಗೇಂದ್ರನ ಕೊರಳಪಟ್ಟಿಗೆ ಕೈ ಹಾಕುತ್ತಿದ್ದೆನೇನೋ. ಅಷ್ಟರಲ್ಲಿ ಬೋರಯ್ಯ ದೊಡ್ಡಪ್ಪ ಕೊಟ್ಟಿಗೆಯಿಂದ ಹಗ್ಗದ ಸಿಂಬೆ ಹೊತ್ತು ಓಡಿ ಬಂದ.

“ಇಡ್ಕಳ್ರಲಾ! ನಾಕ್ ಜನ ಸೇರುದ್ರೆ ಕೆಡವ್ಬುಡ್ಬೌದು.”

ನಮ್ಮ ಕಡೆ ಎತ್ತಿಗೆ ಲಾಳ ಕಟ್ಟುವುದೇ ಹಾಗೆ, ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಬಿಗಿದು. ಕುದುರೆ ಹಾಗಲ್ಲ. ನಿಂತೇ ಕಟ್ಟಿಸಿಕೊಳ್ಳುತ್ತದೆ, ಅದೂ ತಾನಾಗಿ ಕಾಲು ಕೊಟ್ಟರೆ ಮಾತ್ರ. ದಿಬ್ಬಣದವರಿಗೆ ಇದೆಲ್ಲ ಎಲ್ಲಿ ಗೊತ್ತು? ಇಸ್ತ್ರಿ ಮಾಡಿದ ಪಂಚೆಗಳನ್ನು ಆಗಲೇ ಎತ್ತಿ ಕಟ್ಟಿದ್ದರು.

“ಕೆಡವುದ್ರೆ ಪಕ್ಕೆ ಮುರೀತದೆ ದೊಡ್ಡಪ್ಪಾ!” ಎಂದು ಅರಚಿದೆ.

“ಕೆಳ್ಗೆ ಒಂದ್ ಆಸ್ಗೆ ಆಕನ ಬುಡು.”

“ಯಾರೂ ಮುಟ್ಟಕೂಡ್ದು!”

ನನ್ನ ಗಾಡಿಯ ಡಿಕ್ಕಿಯಿಂದ ಸುತ್ತಿಗೆ, ಇಕ್ಕಳ ತಂದೆ. ಚಾಂದನಿಯ ಹೆಗಲಿಗೆ ಬೆನ್ನು ಕೊಟ್ಟು ಬಗ್ಗಿ, ಕಾಲಿನ ಮೇಲೆ ಕೈ ಇಳಿಸಿದೆ. ಕಿತ್ತುಕೊಂಡಳು. ಮತ್ತೆ ಇಳಿಸಿದೆ. ಈ ಸಲ ನನ್ನ ಪಾದದ ಪಕ್ಕಕ್ಕೇ ಗೊರಸು ಬಿತ್ತು. ಒಳಗೆ ಕುದಿಯುತ್ತಿರುವವನ ಕೈ ಕುದುರೆಗೆ ಗೊತ್ತಾಗಿಬಿಡುತ್ತದೆ. ನನಗೂ ಅದು ಗೊತ್ತು. ಆದರೆ ಕುದಿ ಇಳಿಯಬೇಕಲ್ಲ?

“ನೋಡುದ್ರಾ? ಇವ್ನಿಗೆ ಕಾಲೇ ಕೊಡಕಿಲ್ಲ,” ಎಂದು ನಾಗೇಂದ್ರ ತುಪ್ಪ ಸುರಿದ.

ಸಂಘಮಿತ್ರಾ ಜಗಲಿ ಇಳಿದು ಬಂದಳು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ಮಾತ್ರ ಸೋತಿರಲಿಲ್ಲ. “ಅಣ್ಣಾ, ನಿನ್ ಮೊಕ ಇಂಗೆ ಗಂಟಾಕ್ಕಂಡಿದ್ರೆ ನಾನೇ ಅತ್ರ ಬರಕಿಲ್ಲ, ಅದೆಂಗ್ ಕಾಲ್ ಕೊಟ್ಟದು? ವಸಿ ನಗು. ಮದ್ವೆ ಎಣ್ಣು ನಾನೇ ಅಳ್ದಂಗೆ ನಿಂತಿವ್ನಿ.”

ಹಾಗೆನ್ನುತ್ತಾ ಕುದುರೆಯ ಕುತ್ತಿಗೆ ಸವರಲು ಆಚೆ ತಿರುಗಿದಳು. ಚಾಂದನಿ ಮೂಗು ಚಾಚಿ ಮೂಸಿದವಳೇ ಅವಳ ಜಡೆಯ ಮಲ್ಲಿಗೆ ದಂಡೆಯನ್ನು ಪೂರ್ತಿ ಬಾಯಿಗೆ ಎಳೆದುಕೊಂಡಳು!

“ಅಯ್ಯೋ, ಜಡೆ! ನನ್ ಜಡೆ!” ಎಂದು ಮದುಮಗಳು ಕುಣಿದಳು. ಚಿಕ್ಕಮ್ಮ ಗೋವಿಂದಮ್ಮ ಒಂದು ಕಡೆಯಿಂದ ಹೂ ಎಳೆದರೆ ಇನ್ನೊಂದು ಕಡೆಯಿಂದ ಕುದುರೆ. “ಕಟ್ಟಿ ಗಳ್ಗೆ ಆಗಿಲ್ಲ ಕಣೇ ಮುಂಡೇದೇ, ಉಗಿ!” ಎಂದು ಚಿಕ್ಕಮ್ಮ ಗದರಿದಷ್ಟೂ ಅದು ಕಣ್ಣು ಅರೆಮುಚ್ಚಿ ಅಗಿಯಿತು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ತಡೆಯಲಾಗದೆ ನಾನೂ ನಕ್ಕೆ. ಹೊಟ್ಟೆ ಹಿಡಿದು ನಕ್ಕೆ. ನಗುತ್ತಲೇ ಕೈ ಇಳಿಸಿದೆ, ಚಾಂದನಿ ಮಲ್ಲಿಗೆ ಅಗಿಯುತ್ತಾ ಕಾಲನ್ನು ಎತ್ತಿ ನನ್ನ ಅಂಗೈಗೆ ಇಟ್ಟಳು.

ಗೊರಸನ್ನು ತೊಡೆಗಳ ಮಧ್ಯೆ ಇಟ್ಟುಕೊಂಡು ಸುತ್ತಿಗೆಯಿಂದ ಒಂದೊಂದೇ ಮೊಳೆ ತಟ್ಟುತ್ತಾ ಹೋದೆ. ಒಂದನ್ನು ತಟ್ಟಿದಾಗ ಚಾಂದನಿಯ ಮೈ ಅದುರಿತು. ನಾನು ಹೊಡೆಯುವುದು ಚಪ್ಪಟೆ ಮೊಳೆ. ಇದು ದುಂಡಗೆ, ದಪ್ಪಗೆ, ಶಾಮಿಯಾನದವರು ಗಳಕ್ಕೆ ಹೊಡೆಯುವಂಥದ್ದು. ತಲೆ ಎತ್ತಿ ನಾಗೇಂದ್ರನನ್ನು ನೋಡಿದೆ. ಅವನು ಮರದ ಮೇಲಿನ ಕಾಗೆ ನೋಡುತ್ತಿದ್ದ.

“ಬೆಳಿಗ್ಗೆ ಒಂದ್ ಮೊಳೆ ಬಿದ್ದೋಗಿತ್ತು ಕಣ್ಲಾ... ಅದ್ಕೇ...” ಎಂದು ಗೊಣಗಿದ.

ಇಕ್ಕಳ ಹಾಕಿ ಮೊಳೆಯನ್ನು ಮೆಲ್ಲಗೆ ಎಳೆದೆ. ರಕ್ತವಿಲ್ಲ. ಜೀವವಿರುವ ಜಾಗಕ್ಕೆ ಹೊಕ್ಕಿರಲಿಲ್ಲ, ಪಕ್ಕದಲ್ಲೇ ಒತ್ತುತ್ತಿತ್ತು ಅಷ್ಟೇ. ಲಾಳ ಹಿಡಿದಿಡಲು ಉಳಿದ ಮೊಳೆಗಳು ಸಾಕು. ಕಾಲು ಕೆಳಗಿಟ್ಟೆ. ಚಾಂದನಿ ಊರಿದಳು. ಎತ್ತಲಿಲ್ಲ. ಒಂದು ಉಸಿರು ಬಿಟ್ಟು ಪೂರ್ತಿ ಭಾರ ಹಾಕಿ ನಿಂತಳು. ಗಟ್ಟಿ ನೆಲದ ಮೇಲೆ ನಡೆಸಿ ನೋಡಿದೆ, ನೋವಿರುವ ಕುದುರೆಯ ಹಾಗೆ ಹೆಜ್ಜೆಗೊಮ್ಮೆ ತಲೆ ಆಡಿಸಲಿಲ್ಲ.

“ಕುದ್ರೆ ಅತ್ತು ಮಿತ್ರಾ! ಕುಣ್ಸಕೂಡ್ದು, ನಿದಾನಕ್ಕೆ. ತಮಟೆನೂ ನಿದಾನಕ್ಕೆ ಒಡೀರಣ್ಣ.”

ಅರ್ಧ ಬಿಚ್ಚಿದ ಜಡೆಯಲ್ಲೇ ಅವಳು ಹತ್ತಿ ಕೂತಳು. ಬೀದಿಯ ಹೆಂಗಸರೆಲ್ಲ ಶಿಳ್ಳೆ ಹಾಕಿದರು. ಗೋವಿಂದಮ್ಮನಿಗೆ ಶಿಳ್ಳೆ ಬರುತ್ತದೆಂದು ನನಗೆ ಅವತ್ತೇ ಗೊತ್ತಾಗಿದ್ದು. ಲಗಾಮು ನನ್ನ ಕೈಗೆ ಬಂತು.

ಹಿಂದಿನಿಂದ ನಾಗೇಂದ್ರನ ದನಿ ಎದ್ದಿತು. “ನೋಡುದ್ರಾ ನಮ್ ಉಡುಗನ್ನ! ಕುದ್ರೆ ಕಾಲ್ ಇಡ್ಯೋದ ಇವ್ನಿಗೆ ಕಲ್ಸಿದ್ದೇ ನಾನು! ಏನ್ಲಾ ಜಗ, ಔದು ತಾನೆ? ಏಳ್ಲಾ!”

ಉತ್ತರ ನಾಲಿಗೆ ತುದಿಗೆ ಬಂದಿತ್ತು, ಒಂದಲ್ಲ, ನಾಲ್ಕು. ಆದರೆ ಚಾಂದನಿ ಟಾರ್ ರಸ್ತೆಗೆ ಕಾಲಿಟ್ಟಿದ್ದಳು. ನಾಲ್ಕೂ ಗೊರಸು ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಆ ಸದ್ದಿಗೆ ಕಿವಿ ಕೊಟ್ಟು, ಲಗಾಮು ಸಡಿಲ ಬಿಟ್ಟು, ಹಿಂದೆ ನೋಡದೆ ನಡೆದೆ.